ಬೆನ್ನ ಮೇಲಿದ್ದ ಮಚ್ಚೆ

ಮಾರ್ಚ್ 4, ಬೆಳಿಗ್ಗೆ
ಟೀ ಆಯಿತು. ಅಂಗಿಗೆ ಗುಂಡಿ ಹಚ್ಚಿದೆ — ಮುಂದೆ ತೆರೆಯುವಂಥದ್ದೇ ತರಬೇಕೆಂದು ಆಸ್ಪತ್ರೆಯವರ ಆರ್ಡರ್. ಊರಿಗೆಲ್ಲ ಹೊಲಿದ ಟೇಲರ್. ನನ್ನ ಅಂಗಿಗೇ ಗುಂಡಿ ಇರಲಿಲ್ಲ. ಹೆಂಡತಿ ಇದ್ದಿದ್ದರೆ ನಗುತ್ತಿದ್ದಳು.
ಎದೆಯ ಗಡ್ಡೆಯ ಜೊತೆಗೆ ಪಕ್ಕೆಲುಬನ್ನೂ ತೆಗೆಯುತ್ತಾರಂತೆ. ಆ ಹಳ್ಳಕ್ಕೆ ಮೆಶ್ ಎಂಬ ಬಲೆ ಹಾಸಿ, ಬೆನ್ನಿನ ಮಾಂಸವನ್ನು ಚರ್ಮಸಮೇತ ಕಂಕುಳಡಿಯಿಂದ ತಿರುಗಿಸಿ ತಂದು ಮುಚ್ಚುವುದು. ಫ್ಲ್ಯಾಪ್. ನಮ್ಮ ಅಂಗಡಿಯ ಮಾತಿನಲ್ಲಿ ತೇಪೆ.

ಮಾರ್ಚ್ 6
ಡಾಕ್ಟರಮ್ಮ ಬೆನ್ನ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಮಾರ್ಜಿನ್ ಸ್ವಲ್ಪ ಜಾಸ್ತಿ ಬಿಡಿ ಎಂದೆ. ನಕ್ಕರು. ಆಮೇಲೆ ಪೆನ್ನು ನಿಂತಿತು.
"ಇಲ್ಲೊಂದು ಮಚ್ಚೆ ಇದೆ. ತೊಂದ್ರೆ ಇರೋದಲ್ಲ. ಬೇಡ ಅಂದ್ರೆ ಗೆರೆ ಆಚೆ ಹಾಕ್ತೀನಿ."
ಹಾಗಾದರೆ ನಿಜವೇ... ಬೆನ್ನು ತುರಿಸಿಕೊಡುವಾಗಲೆಲ್ಲ ಹೇಳುತ್ತಿದ್ದಳು — ನಿಮ್ಮ ಕೈಗೆಟುಕದ ಜಾಗದಲ್ಲಿ ಎಳ್ಳಿನಷ್ಟು ಮಚ್ಚೆ ಇದೆ ಅಂತ. ಎಂದೂ ನಂಬಲಿಲ್ಲ. ನನಗೆ ಕಾಣದ್ದನ್ನು ಹೇಳಿ ಆಟ ಆಡಿಸುವುದು ಅವಳ ಹಾಬಿ. ಅವಳು ಹೋದ ಮೇಲೆ ಬೆನ್ನಿಗೆ ಅಂಗಡಿಯ ಸ್ಕೇಲೇ ಗತಿ.
"ಅದನ್ನೂ ಸೇರಿಸ್ಕೊಳ್ಳಿ ಡಾಕ್ಟ್ರೇ," ಎಂದೆ.

ಮಾರ್ಚ್ 11
ಬದುಕಿದ್ದೇನೆ. ಸಿಸ್ಟರ್ ಆಗಾಗ ಬಂದು ತೇಪೆ ಒತ್ತಿ ಬಣ್ಣ ನೋಡುತ್ತಾಳೆ. ಒತ್ತಿದ್ದು ನನಗೆ ತಿಳಿಯುವುದೇ ಇಲ್ಲ. ಪಕ್ಕದ ಬೆಡ್ಡಿಗೆ ಹೆಂಡತಿ, ಭಾವಮೈದುನ, ಷಡ್ಡಕ, ಅವನ ಮಕ್ಕಳು. ಕೂರಲು ನನ್ನ ಸ್ಟೂಲೂ ಒಯ್ದರು. ಒಯ್ಯಲಿ. ಲೋನ್ಲಿನೆಸ್ — ಅಬ್‌ಸ್ಟ್ರಾಕ್ಟ್ ನೌನೋ, ಕಾಮನ್ ನೌನೋ. ಸ್ಕೂಲಿನ ಇಂಗ್ಲಿಷ್ ಗ್ರಾಮರ್, ಮರೆತಿದೆ.

ಮಾರ್ಚ್ 13
ಒಂದು ಅಂಚು ಕಪ್ಪಾಗಿದೆ. ರಕ್ತ ತಲುಪುತ್ತಿಲ್ಲ. ಸತ್ತಷ್ಟನ್ನು ನಾಳೆ ಕತ್ತರಿಸುತ್ತಾರೆ. ಮಚ್ಚೆ ಯಾವ ಕಡೆ ಇದೆ ಎಂದು ಸಿಸ್ಟರನ್ನು ಕೇಳಿದೆ. ಬಗ್ಗಿ ನೋಡಿದಳು.
"ಅದೇ ಅಂಚಲ್ಲಿ, ತಾತ. ಎದೆ ಉಳಿದ್ರೆ ಸಾಕು ಅನ್ನಿ. ಮಚ್ಚೆ ಕಟ್ಕೊಂಡು ಏನ್ಮಾಡ್ತೀರಾ?"


ಏಪ್ರಿಲ್ 2
ಮನೆ. ಇವತ್ತು ಬ್ಯಾಂಡೇಜ್ ಪೂರ್ತಿ ಬಿಚ್ಚಿದರು. ಉಳಿದ ತೇಪೆ ಕಚ್ಚಿಕೊಂಡಿದೆಯಂತೆ. ಡಾಕ್ಟರಮ್ಮ ಇನ್ನೊಂದು ಹೇಳಿದರು: ಕೆಲವರಿಗೆ ತಿಂಗಳುಗಳಾದ ಮೇಲೆ ಎದೆಯ ತೇಪೆ ಮುಟ್ಟಿದರೆ ಬೆನ್ನು ಮುಟ್ಟಿದಂತಾಗುತ್ತದೆ, ಮಿದುಳಿನಲ್ಲಿ ಹಳೆಯ ಅಡ್ರೆಸ್ಸೇ ಇರುತ್ತದಲ್ಲ. ಮಚ್ಚೆಯ ಸುದ್ದಿ ಅವರು ಎತ್ತಲಿಲ್ಲ. ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಬಗ್ಗಿ ನೋಡಲೂ.

ಏಪ್ರಿಲ್ 5
ಅಂಗಡಿಯ ಟ್ರಯಲ್ ಕನ್ನಡಿಯ ಮುಂದೆ ಅಂಗಿ ಬಿಚ್ಚಿದೆ. ಇದೆ. ಹೊಲಿಗೆಗೆ ಅಂಟಿಕೊಂಡೇ ಇದೆ. ಎಳ್ಳಲ್ಲ, ಹೆಸರುಕಾಳಿನಷ್ಟು. ಅಳತೆಯಲ್ಲಿ ಅವಳು ಯಾವಾಗಲೂ ಹೀಗೇ.
ಮುಟ್ಟಿದೆ. ಬೆರಳಿಗೆ ಗೊತ್ತಾಯಿತು. ಮಚ್ಚೆಗೆ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 19, ಮಧ್ಯಾಹ್ನ
ಗುಂಡಿ ಹಾಕಿಕೊಳ್ಳುವಾಗ ಬೆರಳು ಮಚ್ಚೆಗೆ ತಗುಲಿತು. ಎದೆಯಲ್ಲಿ ಏನೂ ಇಲ್ಲ. ಬೆನ್ನಲ್ಲಿ — ಅದೇ ಕೈಗೆಟುಕದ ಜಾಗ — ಯಾರೋ ಮೆಲ್ಲಗೆ ಮುಟ್ಟಿದಂತೆ. ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಆದರೂ ತಿರುಗಿ ನೋಡಿದೆ. ಕುರ್ಚಿ. ಮಡಿಸಿಟ್ಟ ಬಟ್ಟೆ.
ಇನ್ನೊಮ್ಮೆ ಮುಟ್ಟಬೇಕು. ಈ ಸಲ ತಿರುಗುವುದಿಲ್ಲ. ಪೆನ್ನು ಕೆಳಗಿಟ್ಟು —