ಮೂರನೆಯ ಸಾಲಿನ ಅಪರಿಚಿತೆ

ವಿಯೆನ್ನಾ, ಲಾಂಡ್‌ಸ್ಟ್ರಾಸೆ
1802, ಅಕ್ಟೋಬರ್ 9, ಶನಿವಾರ

ಪ್ರೀತಿಯ ತಮ್ಮ ಕಿಲಿಯನ್,

ಹೇಗಿದ್ದೀಯಪ್ಪಾ? ನಿನ್ನ ಬೆರಳುಗಳು ಹೇಗಿವೆ? ಬ್ರೆಸ್ಲಾವಿನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ನಿನ್ನ ಬೆರಳ ತುದಿಗಳು ಕೆಂಪಗೆ ಊದಿಕೊಂಡು ತುರಿಸುವ ಕಾಲ ಇದೇ. ಹೆಬ್ಬಾತಿನ ಕೊಬ್ಬನ್ನು ಬೆಚ್ಚಗೆ ಮಾಡಿ ಹಚ್ಚಿಕೊಂಡು, ಉಣ್ಣೆಯ ಕೈಗವಸು ಹಾಕಿಕೊಂಡು ಮಲಗು. ವಾಸನೆಯೆಂದು ಮೂಗು ಮುರಿಯಬೇಡ, ಅಲ್ಲಿ ನಿನ್ನ ಪಕ್ಕ ಮಲಗುವವರು ಯಾರೂ ಇಲ್ಲವೆಂದುಕೊಂಡಿದ್ದೇನೆ. ಇದ್ದರೆ ಅದನ್ನಾದರೂ ಬರೆದು ತಿಳಿಸು ಮಾರಾಯ. ನೀನು ಆ ಊರಿನಲ್ಲಿದ್ದೀಯೆಂದು ನನಗೆ ಗೊತ್ತಾಗಿದ್ದೇ ಪತ್ರಿಕೆಯಲ್ಲಿ ಬಂದ ಪಿಯಾನೋ ಪಾಠದ ಜಾಹೀರಾತಿನಿಂದ. ಏಳು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಇದು ನನ್ನ ನಾಲ್ಕನೆಯ ಕಾಗದ. ಹಿಂದಿನ ಮೂರರಲ್ಲಿ ಮಳೆ, ಬಿಸಿಲು, ಮೊಟ್ಟೆಯ ಬೆಲೆ ಎಲ್ಲ ಬರೆದೆ, ಹೇಳಬೇಕಾದ್ದನ್ನು ಮಾತ್ರ ಬರೆಯಲಿಲ್ಲ. ನೀನು ಇನ್ನು ನನ್ನನ್ನು ಅಕ್ಕ ಎನ್ನುತ್ತೀಯೋ ಇಲ್ಲವೋ, ಅದೊಂದನ್ನು ತಿಳಿದುಕೊಳ್ಳಬೇಕಾಗಿದೆ ನನಗೆ.

ನಾನು ಚೆನ್ನಾಗಿದ್ದೇನೆ. ಮನೆಯೊಡತಿ ಕ್ರೆಸೆಂಜ್ ಒಳ್ಳೆಯವಳು, ಬಾಯಿ ಮಾತ್ರ ಸಂತೆ. ಮೊನ್ನೆ ಮೆಟ್ಟಿಲಲ್ಲಿ ಅಡ್ಡ ನಿಂತು, “ಏನ್ ತಾಯೀ, ನೀವ್ ಬಂದು ಇಷ್ಟು ದಿನ ಆಯ್ತು, ನಿಮ್ಮನ್ನ ಕೇಳ್ಕೊಂಡು ಒಂದು ನರಪಿಳ್ಳೆನೂ ಬರ್ಲಿಲ್ವಲ್ಲ! ನಿಮಗೆ ಯಾರೂ ಇಲ್ವಾ?” ಎಂದು ಕೇಳಿದಳು. ಗಂಡ ತೀರಿಕೊಂಡ, ಲಿಂಜಿನವಳು, ಬಿಸಿನೀರಿನ ಚಿಕಿತ್ಸೆಗೆ ಬಂದಿದ್ದೇನೆ ಎಂದುಬಿಟ್ಟೆ. ಹೇಳಿ ಮುಗಿಸಿದ ಮೇಲೆ ನನಗೇ ನಾಚಿಕೆಯಾಯಿತು. ಸುಳ್ಳು ಹೇಳುವ ಅಗತ್ಯ ಈಗ ಏನಿತ್ತು? ಗ್ರಾಜ್‌ನಲ್ಲಿ ವಿಧವೆ, ಪ್ರೆಸ್‌ಬರ್ಗಿನಲ್ಲಿ ಪಾದ್ರಿಯ ಸೋದರ ಸೊಸೆ, ಬ್ರುನ್‌ನಲ್ಲಿ ಗಾಜಿನ ವ್ಯಾಪಾರಿಯ ಹೆಂಡತಿ. ಇಷ್ಟು ವೇಷ ಹಾಕಿ ಹಾಕಿ, ಯಾರಾದರೂ ಮಾತನಾಡಿಸಿದರೆ ಸುಳ್ಳೇ ಮೊದಲು ನಾಲಿಗೆಗೆ ಬರುತ್ತದೆ. ಹೀಗಾದ ಮೇಲೆ ಗೆಳತಿಯರು ಎಲ್ಲಿಂದ ಬರಬೇಕು? ಕಟುಕನ ಇಬ್ಬರು ಹೆಣ್ಣುಮಕ್ಕಳಿಗೆ ಪಿಯಾನೋ ಕಲಿಸುತ್ತೇನೆ. ಅವರು ಬರುವ ಎರಡು ದಿನ ಬಿಟ್ಟರೆ ವಾರದ ಉಳಿದ ದಿನಗಳಲ್ಲಿ ನನ್ನ ದನಿ ನನಗೇ ಕೇಳಿಸುವುದಿಲ್ಲ.

ನಿನ್ನನ್ನು ದೂರುತ್ತಿದ್ದೇನೆಂದುಕೊಳ್ಳಬೇಡ. ಒಪ್ಪಿಕೊಂಡವಳು ನಾನೇ. ಪ್ರೆಸ್‌ಬರ್ಗಿನ ಪಿಯಾನೋ ಪಂದ್ಯದ ಹೊತ್ತಿಗೆ ನಿನಗೆ ಇಪ್ಪತ್ತು ವರ್ಷ. ಸಭಿಕರೊಬ್ಬರು ಕೊಟ್ಟ ಮಟ್ಟಿನ ಮೇಲೆ ಅಲ್ಲೇ ಕಟ್ಟಿ ನುಡಿಸಬೇಕಾಗಿದ್ದಾಗ ನಿನ್ನ ಕೈ ಕಲ್ಲಾಗಿ ಕೂತಿತು. ಎದುರಾಳಿ ನಕ್ಕ, ಸಭೆಯೂ ನಕ್ಕಿತು. ಆಮೇಲೆ ನನ್ನ ಮಡಿಲಲ್ಲಿ ಮುಖವಿಟ್ಟು ನೀನು ಅತ್ತದ್ದನ್ನು ನಾನು ಮರೆತಿಲ್ಲ. “ಒಂದೇ ಒಂದ್ಸಲ ಅಕ್ಕಾ. ಮುಂದಿನ ಪಂದ್ಯದಲ್ಲಿ ಮಟ್ಟು ನೀನೇ ಕೊಡು. ನಾನು ಮೊದ್ಲೇ ತಯಾರಿ ಮಾಡ್ಕೊಂಡಿರ್ತೀನಿ. ಯಾರಿಗ್ ಗೊತ್ತಾಗುತ್ತೆ?” ಎಂದೆ. ನಿಜ, ಯಾರಿಗೂ ಗೊತ್ತಾಗಲಿಲ್ಲ. ಆ ಒಂದು ಸಲವೇ ಹನ್ನೊಂದು ವರ್ಷವಾಯಿತು. ನೀನು ಒಂದು ಗಾಡಿ, ನಾನು ಇನ್ನೊಂದು. ನಿನಗೆ ಒಂದು ಛತ್ರ, ನನಗೆ ಬೇರೆ. ಮೂರನೆಯ ಸಾಲಿನಲ್ಲಿ ಮುಸುಕು ಹಾಕಿಕೊಂಡು ಕೂರುವುದು, ಮಟ್ಟು ಯಾರು ಕೊಡುತ್ತೀರಿ ಎಂದಾಗ ಎದ್ದು ಹೋಗಿ ನಿನ್ನ ಪಿಯಾನೋದ ಮೇಲೆ ಒಂದೇ ಬೆರಳಿನಲ್ಲಿ ನುಡಿಸಿ ತೋರಿಸುವುದು, ಮತ್ತೆ ಬಂದು ಕೂರುವುದು. “ನನ್ನ ಮುಖ ಮಾತ್ರ ನೋಡ್ಬೇಡ ಅಕ್ಕಾ, ನಗು ಬಂದ್ಬಿಡುತ್ತೆ” ಎನ್ನುತ್ತಿದ್ದೆ. ನೋಡಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗಲೂ, ಅಪರಿಚಿತಳು ಎಷ್ಟು ತಟ್ಟಬಹುದೋ ಅಷ್ಟೇ ತಟ್ಟಿದೆ. ಆಮೇಲೆ ನೀನು ದೊಡ್ಡವರ ಜೊತೆ ಊಟಕ್ಕೆ ಹೋಗುತ್ತಿದ್ದೆ, ನಾನು ಛತ್ರದಲ್ಲಿ ಗೋಡೆಗೆ ಮುಖ ಮಾಡಿ ಸಾರು ಕುಡಿಯುತ್ತಿದ್ದೆ.

ಈಗ ಮಾರ್ಚ್ ತಿಂಗಳ ಆ ಸಂಜೆಯ ವಿಷಯ. ಇಲ್ಲೇ ವಿಯೆನ್ನಾದಲ್ಲಿ ಕೌಂಟೆಸ್ ಟುರ್ನೆಗ್ ಅವರ ಮನೆಗೆ ನಿನ್ನ ವಿರುದ್ಧ ನುಡಿಸಲು ಪ್ರಾಗಿನಿಂದ ಬಂದವನು ಪ್ರೊಕೋಪ್ ಮರೇಷ್. ಆ ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳಲು ಒಂದು ಮೇಜುಬಟ್ಟೆಯೇ ಬೇಕು. ಅವನಿಗೆ ಕೊಟ್ಟದ್ದು ಅಂಚೆ ಗಾಡಿಯವನು ಊದುವ ಕೊಂಬಿನ ಮಟ್ಟು. ಮೊದಲು ತಪ್ಪಿದ, ತನ್ನಷ್ಟಕ್ಕೆ ತಾನೇ ನಕ್ಕ, “ತಡೀರಿ ತಡೀರಿ, ಇದು ಎಲ್ಲಿಗ್ ಹೋಗುತ್ತೋ ನೋಡೋಣ” ಎಂದು ಗೊಣಗಿಕೊಂಡು ಅದರ ಹಿಂದೆಯೇ ಹೋದ. ಮುಂದೆ ಏನು ಬರುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನಾನು ಸೀಟಿನ ತುದಿಗೆ ಬಂದು ಕೂತಿದ್ದೆ. ಎಷ್ಟು ವರ್ಷವಾಗಿತ್ತು ಹಾಗೆ ಕೂತು! ನಿನ್ನದನ್ನು ಕೇಳುವಾಗ ಎಲ್ಲಿ ನಿಲ್ಲುತ್ತೀಯ, ಎಲ್ಲಿ ಕಷ್ಟಪಟ್ಟವನಂತೆ ಹುಬ್ಬು ಗಂಟು ಹಾಕುತ್ತೀಯ, ಎಲ್ಲವೂ ನನಗೆ ಬಾಯಿಪಾಠ. ಆಮೇಲೆ ನಿನ್ನ ಸರದಿ ಬಂತು, ನಾನು ಎದ್ದೆ. ನಾವು ಗೊತ್ತು ಮಾಡಿಕೊಂಡಿದ್ದು ಸೈನಿಕರ ನಡಿಗೆಯ ಮಟ್ಟು, ನೀನು ಆರು ವಾರ ತಿದ್ದಿ ತೀಡಿದ್ದು. ಮೂರನೆಯ ಸಾಲಿನಿಂದ ಪಿಯಾನೋಕ್ಕೆ ಒಂಬತ್ತು ಹೆಜ್ಜೆ. ಏಳನೆಯ ಹೆಜ್ಜೆಯವರೆಗೂ ಅದೇ ನನ್ನ ತಲೆಯಲ್ಲಿತ್ತು. ಬೆರಳಿಟ್ಟಾಗ ಬಂದದ್ದು ಆರು ವರ್ಷದ ನೀನು ನಮ್ಮ ಹಿತ್ತಲಿನ ಕುಂಟು ಕೋಳಿಯ ಮೇಲೆ ಕಟ್ಟಿದ ಹಾಡು. ಅದನ್ನು ಹಿಡಿದು ನೀನು ಒಂದು ಮಧ್ಯಾಹ್ನವಿಡೀ ನುಡಿಸಿದ್ದೆ, ಕೇಳುತ್ತಾ ನಿಂತ ಅಮ್ಮ ಒಲೆಯಲ್ಲಿದ್ದ ರೊಟ್ಟಿ ಸೀಯಿಸಿದ್ದಳು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಸಭೆಯಲ್ಲಿ ನೀನು ನನ್ನ ಮುಖ ನೋಡಿದೆ. ಎರಡು ನಿಮಿಷ ನುಡಿಸಿದೆ. ತಮ್ಮಾ, ಆ ಎರಡು ನಿಮಿಷ ನಿನ್ನವು, ಅಲ್ಲಿ ಒಂದು ಸ್ವರವೂ ನನಗೆ ಮೊದಲೇ ಗೊತ್ತಿರಲಿಲ್ಲ. ಆಮೇಲೆ ನಿನ್ನ ಕಿವಿ ಕೆಂಪಾಯಿತು, ಎದ್ದು ತಲೆಬಾಗಿಸಿ ಹೊರಟೇಹೋದೆ. ಬೆಳಿಗ್ಗೆ ನಿನ್ನ ಛತ್ರಕ್ಕೆ ಓಡಿ ಬಂದರೆ, ಗಾಡಿ ಹೊರಟಾಯಿತು ಎಂದರು.

ನಮ್ಮೂರಿನವರು ಯಾರೋ ಸಭೆಯಲ್ಲಿ ನನ್ನ ಗುರುತು ಹಿಡಿದಿದ್ದರು, ನಿನ್ನನ್ನು ಉಳಿಸಲು ಮಟ್ಟು ಬದಲಾಯಿಸಿದೆ ಎಂದು ಬರೆಯೋಣವೆಂದು ಯೋಚಿಸಿದ್ದೆ. ಚೆನ್ನಾದ ಸುಳ್ಳು, ನೀನು ನಂಬುತ್ತಿದ್ದೆ. ಬೇಡ. ಪ್ರೊಕೋಪ್ ನನಗೆ ಲಂಚ ಕೊಟ್ಟನೆಂದು ನೀನು ಅಂದುಕೊಂಡಿದ್ದರೆ ಅದೂ ಅಲ್ಲ. ನನಗೆ ಸಾಕಾಗಿತ್ತು, ಅಷ್ಟೇ. ನಿನ್ನನ್ನು ನಿಜವಾಗಿ ಒಮ್ಮೆ ಕೇಳಬೇಕೆನಿಸಿತು, ನನ್ನ ತಮ್ಮನ ಪಕ್ಕದಲ್ಲಿ ಅಕ್ಕನಾಗಿ ಒಂದು ಗಳಿಗೆ ನಿಲ್ಲಬೇಕೆನಿಸಿತು. ಅದಕ್ಕೆ ನಿನ್ನ ಮಾನವೇ ಬೆಲೆಯಾಗುತ್ತದೆಂದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಮಾಡುತ್ತಿದ್ದೆನೋ ಏನೋ, ಅದಕ್ಕೇ ಕ್ಷಮೆ ಕೇಳಲು ಬಾಯಿ ಬರುತ್ತಿಲ್ಲ.

ಕಟುಕನ ಮಕ್ಕಳು ನಿನಗೆ ನಮಸ್ಕಾರ ತಿಳಿಸಬೇಕಿತ್ತು, ಆದರೆ ನೀನೊಬ್ಬ ಇದ್ದೀಯೆಂದು ಅವರಿಗೆ ಹೇಳಿಯೇ ಇಲ್ಲ. ಹೊತ್ತುಹೊತ್ತಿಗೆ ಊಟ ಮಾಡು. ದೇವರು ನಿನ್ನ ಕೈಗಳನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಲೋನಿ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೋದ ಭಾನುವಾರ ಕೌಂಟೆಸ್ ಮನೆಗೆ ಮುಸುಕಿಲ್ಲದೆ ಹೋಗಿದ್ದೆ. ಅಲ್ಲಿ ಒಬ್ಬ, “ಆ ಕಿಲಿಯನ್ ಎಲ್ಲಿ ಸತ್ತ? ಬಾಲ ಮುದುರ್ಕೊಂಡು ಓಡಿದ್ನಲ್ಲ!” ಎಂದ, ಎಲ್ಲರೂ ನಕ್ಕರು. ನಾನು ಎದ್ದು ನಿಂತು, “ಅವ್ನು ನನ್ನ ತಮ್ಮ. ಅವನನ್ನ ಓಡ್ಸಿದ್ದು ನಾನು” ಎಂದೆ. ಮುಸುಕು, ಬೇರೆ ಬೇರೆ ಛತ್ರ, ಹನ್ನೊಂದು ವರ್ಷ, ಎಲ್ಲವನ್ನೂ ಹೇಳಿಬಿಟ್ಟೆ. ಕೌಂಟೆಸ್ ನನ್ನನ್ನು ಹೊರಗೆ ಕಳಿಸಿದರು. ಅಲ್ಲಿ ನುಡಿಸಲು ಬಂದಿದ್ದ ಪ್ರೊಕೋಪ್ ಒಬ್ಬನೇ ಏದುಸಿರು ಬಿಡುತ್ತಾ ಹಿಂದೆ ಬಂದು, “ಆವತ್ತು ಅರ್ಧಕ್ಕೆ ಬಿಟ್ನಲ್ಲಮ್ಮಾ, ಅದು ಮುಂದಕ್ಕೆ ಎಲ್ಲಿಗ್ ಹೋಗ್ತಿತ್ತು?” ಎಂದು ಕೇಳಿದ. ನನಗೇನು ಗೊತ್ತು? ಈಗ ನಿನ್ನ ಹೆಸರೂ ಹೋಯಿತು, ನನ್ನದೂ ಹೋಯಿತು. ಇನ್ನು ಯಾವ ಊರಿನಲ್ಲೂ ನಾನು ನಿನಗೆ ಯಾರೋ ಆಗಿ ಕೂರಲಾರೆ. ನಿನಗೆ ಸಿಟ್ಟು ಬರುತ್ತದೆ, ಬರಲಿ. ಆದರೆ ಕಾಗದದಲ್ಲಿ ಬೈಯಬೇಡ. ಇಲ್ಲಿಗೇ ಬಾ, ಕ್ರೆಸೆಂಜಳ ಬಾಗಿಲಲ್ಲಿ ನಿಲ್ಲು, ಇಡೀ ಬೀದಿಗೆ ಕೇಳುವಂತೆ ಅಕ್ಕಾ ಎಂದು ಕೂಗಿ, ಆಮೇಲೆ ಎಷ್ಟು ಬೇಕಾದರೂ ಬೈಯಿ.