ದಸರೆಗೆ ನಾನಿರುತ್ತೇನೆ

ಅರಳಗುಪ್ಪೆ, ತಿಪಟೂರು ತಾಲ್ಲೂಕು
೮ ಸೆಪ್ಟೆಂಬರ್ ೨೦೨೫, ಸೋಮವಾರ

ಮುದ್ದು ಇಂಪನಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹಾಸ್ಟೆಲಿನ ಊಟ ಈಗಲಾದರೂ ನಿನ್ನ ಹೊಟ್ಟೆಗೆ ಒಗ್ಗಿತೇ? ಕೆಮ್ಮು ಹೋಯಿತೇ?

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳೋಣವೆಂದರೆ ಈಗ ಕೆಲಸವೇ ಇಲ್ಲ. ನಿಜವಾದ ಕಾರಣ, ನೀನು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. "ದಸರಾ ರಜೆಗೆ ನಾನು ಊರಿಗೆ ಬಂದಾಗ ನೀನು ಅಲ್ಲೇ ಇರ್ತೀಯಾ, ಇಲ್ಲಾ ಅಷ್ಟರಲ್ಲಿ ಡ್ಯೂಟಿಗೆ ಹೋಗಿಬಿಟ್ಟಿರ್ತೀಯಾ?" ಎಂದು ಕೇಳಿದ್ದೆ. ಇರುತ್ತೇನೆ ಎಂದು ಅಂದೇ ಬರೆದುಬಿಡಬಹುದಿತ್ತು. ಆದರೆ ಹಾಗೆ ಹೇಳಿ ಇರದೇ ಹೋದ ಸಂದರ್ಭಗಳನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಅದಕ್ಕೇ ಈ ಸಲ ಖಚಿತವಾಗುವವರೆಗೆ ಪೆನ್ನು ಹಿಡಿಯಲಿಲ್ಲ.

ಆರು ತಿಂಗಳ ರಜೆಯಲ್ಲಿ ಇವತ್ತಿಗೆ ಎಂಟು ವಾರ ಮುಗಿಯಿತು. ಮೊದಲ ವಾರವೆಲ್ಲ ಬೆಳಗಿನ ನಾಲ್ಕೂವರೆಗೇ ಎಚ್ಚರವಾಗಿ, ಬರದ ಫೋನಿಗೆ ಕೈ ಚಾಚುತ್ತಿದ್ದೆ. ಎರಡನೆಯ ವಾರದಿಂದ ನಿದ್ದೆ ಶುರುವಾಯಿತು ನೋಡು, ಬಿದ್ದರೆ ಹತ್ತು ಗಂಟೆ. ಹತ್ತೊಂಬತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಬೇರೆಯವರಿಗೆ ಅರಿವಳಿಕೆ ಕೊಟ್ಟು ಅವರ ಉಸಿರು ಕಾಯುತ್ತಿದ್ದವಳು ನಾನು. ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ಮೂಗಿನ ಮುಂದೆ ನಿನ್ನ ದೊಡ್ಡಮ್ಮನ ಬೆರಳು!

"ಏನಕ್ಕಾ?" ಎಂದೆ.

"ಉಸುರಾಡ್ತಾ ಇದ್ದೀಯಾ ಅಂತ ನೋಡ್ದೆ ಕಣವ್ವಾ. ಬಿಸಿಲು ನೆತ್ತಿಗೆ ಬಂದೈತೆ. ಮೂರ್ ಸರ್ತಿ ಬಂದು ನೋಡ್ಕೊಂಡ್ ಹೋದೆ."

ನಾನು ಮಲಗುವುದು ಕೊರೊನಾ ಕಾಲದಲ್ಲಿ ನೀನು ಒಂದೂವರೆ ವರ್ಷ ಇದ್ದ ಕೋಣೆಯಲ್ಲೇ. ತುಮಕೂರಿನ ನಮ್ಮ ಮನೆಗೆ ಸೋಂಕು ಹೊತ್ತು ತಂದೇನೆಂದು ನಿನ್ನನ್ನು ಇಲ್ಲಿ ಬಿಟ್ಟು ಹೋದಾಗ ನಿನಗೆ ಹನ್ನೆರಡು ವರ್ಷ. ಇಲ್ಲಿನವರು ಈಗಲೂ ನಿನ್ನನ್ನು ಈ ಮನೆಯ ಮಗಳೆಂದೇ ಲೆಕ್ಕ ಹಿಡಿಯುತ್ತಾರೆ. ನಾನು ನೆಂಟಳು.

ನೆಂಟಳು ಮಾಡಿದ ಘನಕಾರ್ಯ ಕೇಳು. ಹೋದ ತಿಂಗಳು ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಶೆಟ್ಟಿಕೆರೆಗೆ ನಾಮಕರಣಕ್ಕೆ ಹೊರಟರು. ಸುಮ್ಮನೆ ಕೂರಲಾರೆ, ಏನಾದರೂ ಕೆಲಸ ಹೇಳಿ ಎಂದು ನಾನೇ ಪೀಡಿಸಿದ್ದೆ. "ಅಟ್ಟದ ಮ್ಯಾಲೆ ಬಲಗಡೆ ರಾಶಿ ಹನ್ನೊಂದು ತಿಂಗಳ್ದು. ಒಂದೊಂದೇ ಕಾಯಿ ಅಲ್ಲಾಡಿಸಿ ನೋಡು. ಒಳಗೆ ಕೊಬ್ರಿ ಬಿಟ್ಕೊಂಡು ಗಡಗಡ ಅಂದದ್ದನ್ನ ಬೇರೆ ಇಡು, ಅಷ್ಟೇ," ಎಂದರು ದೊಡ್ಡಪ್ಪ.

ಅಷ್ಟೇ ಎಂದರೆ ಅಷ್ಟಕ್ಕೇ ನಿಲ್ಲಿಸುವ ಅಭ್ಯಾಸ ನನಗಿಲ್ಲವಲ್ಲ. ಬೆಳಿಗ್ಗೆ ಪಟ್ಟಿ ಕೈಗೆ ಬಂದರೆ ಸಂಜೆಯೊಳಗೆ ಪೂರ್ತಿ ಮುಗಿಸಬೇಕು. ಹಾಗೆ ಬದುಕಿದವಳು. ಅಟ್ಟ ಹತ್ತಿದವಳು ಬಲಗಡೆಯದನ್ನು ಮುಗಿಸಿ, ಯಾರೂ ಹೇಳದಿದ್ದರೂ ಎಡಗಡೆಯ ರಾಶಿಗೂ ಕೈ ಹಾಕಿದೆ. ನನ್ನ ಕಿವಿಗೆ ಅಲ್ಲೂ ಸದ್ದು ಕೇಳಿಸಿತು. ನಲವತ್ತಾರು ಕಾಯಿ ಆರಿಸಿ ತೋಟದ ಕೆಲಸದ ಮಾರಯ್ಯನಿಂದ ಸುಲಿಸಿಯೇಬಿಟ್ಟೆ. ಅವನು ಎರಡು ಸಲ "ಯಜಮಾನ್ರು ಬರ್ಲಿ ಬುಡಿ ಅಮ್ಮಾವ್ರೆ" ಅಂದ. ನಾನು ಕೇಳಲಿಲ್ಲ. ಚಿಪ್ಪು ಒಡೆಯಲು ಕೂತರೆ, ಒಂದೊಂದರಿಂದಲೂ ನೀರು ಮೊಣಕೈವರೆಗೆ ಹರಿಯಿತು. ಒಳಗೆ ಉಂಡೆ ಕೊಬ್ಬರಿಯೂ ಇಲ್ಲ, ಹಸಿ ಕಾಯಿಯೂ ಅಲ್ಲ. ಅರೆಬರೆ ಒಣಗಿ ಚಿಪ್ಪಿಗೆ ಅಂಟಿಕೊಂಡಿದ್ದ ತಿರುಳು. ಎಡಗಡೆಯವು ಬರೀ ಆರು ತಿಂಗಳ ಕಾಯಿಗಳಂತೆ.

ಸಂಜೆ ದೊಡ್ಡಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ನೀರಿನ ಸದ್ದಿಗೂ ಕೊಬ್ರಿ ಸದ್ದಿಗೂ ವ್ಯತ್ಯಾಸ ತಿಳೀಲಿಲ್ವೇನವ್ವಾ? ದಿನಾ ಕಿವಿಗೆ ಸ್ಟೆತಾಸ್ಕೋಪು ಸಿಗಿಸ್ಕೊಳೋಳು! ನಿನ್ ಮಗಳು ಹನ್ನೆಲ್ಡು ವರ್ಸದೋಳು, ಕೈಗೆ ಎತ್ಕೊಂಡ್ರೆ ಸಾಕು, ಇದು ಇನ್ನೂ ನಾಕು ತಿಂಗ್ಳು ಅಂತ ಹೇಳೋಳು."

ದೊಡ್ಡಪ್ಪ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಹೋಗ್ಲಿ ಬುಡು ಕಲ್ಲೀ, ಹೋಳಿಗೆ ಮಾಡು" ಎಂದು ದೊಡ್ಡಮ್ಮನಿಗೆ ಹೇಳಿ ಕೈಕಾಲು ತೊಳೆಯಲು ಹೋದರು. ಮುಗಿಯಿತು, ಅಷ್ಟೇ ವಿಚಾರಣೆ. ಮರುದಿನ ಪಕ್ಕದ ಮನೆಯ ಪುಟ್ಟಗಂಗಮ್ಮ ಬೇಲಿಯಾಚೆಯಿಂದಲೇ, "ಡಾಕ್ಟ್ರಮ್ಮ ಆಪ್ರೇಸನ್ ಮಾಡಿದ್ ಕಾಯಂತೆ, ನಮ್ಗೂ ಒಂದೆಲ್ಡು ಕೊಡ್ರವ್ವಾ" ಎಂದು ಕೂಗಿದರು. ಮೂರು ದಿನ ಅರ್ಧ ಬೀದಿ ಕಾಯಿ ಹೋಳಿಗೆ ತಿಂದಿತು.

ನಗು, ಪರವಾಗಿಲ್ಲ. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ, ದುಃಖಕ್ಕಲ್ಲ. ನನ್ನ ಕೆಲಸದಲ್ಲಿ ಒಂದು ತಪ್ಪಾದರೆ ಏನಾಗುತ್ತದೆಂದು ನಿನಗೆ ಗೊತ್ತು. ತಪ್ಪಿದರೆ ಹೋಳಿಗೆಯಾಗುವ ಕೆಲಸವೂ ಲೋಕದಲ್ಲಿದೆ ಎನ್ನುವುದು ನನಗೆ ಮರೆತೇಹೋಗಿತ್ತು. ಭುಜದ ಮೇಲೆ ಇಷ್ಟು ವರ್ಷ ಏನು ಹೊತ್ತಿದ್ದೆನೋ, ಇಳಿಸಿದ ಮೇಲೇ ಅದರ ತೂಕ ತಿಳಿದದ್ದು.

ಇನ್ನು ನಿನ್ನ ಪ್ರಶ್ನೆ. ನಿನ್ನ ಕಾಗದ ಬಂದ ಮರುದಿನವೇ ನಮ್ಮ ವಿಭಾಗದ ಮುಖ್ಯಸ್ಥರು, ಡಾಕ್ಟರ್ ಸೂರ್ಯಪ್ರಕಾಶ್, ಫೋನ್ ಮಾಡಿದ್ದರು. "ಸಾಕಷ್ಟು ರೆಸ್ಟ್ ಆಯ್ತಲ್ಲ ಮೇಡಂ? ಹದಿನೈದನೇ ತಾರೀಖಿಂದ ಬನ್ನಿ, ಬೆಳಗಿನ ಕೇಸ್ ಮಾತ್ರ ನೋಡ್ಕೊಳಿ. ಜನ ಇಲ್ಲ, ನಿಮ್ಮನ್ನ ಬಿಟ್ರೆ ಯಾರಿದಾರೆ?" ಎಂದರು. ಆ ಕೊನೆಯ ಮಾತು ಇದೆಯಲ್ಲ, ಅದಕ್ಕೆ ನಾನು ಯಾವತ್ತೂ ಸೋಲುತ್ತೇನೆ. ಎರಡು ವಾರ ತೂಗಿದೆ. ನಿನ್ನ ಅಪ್ಪ ಶನಿವಾರ ಬಂದಾಗ ಕೇಳಿದರೆ, "ನಾನು ಹೇಳಿದ್ರೆ ನಾಳೆ ನನ್ನ ಮೇಲೆ ಹಾಕ್ತೀಯ" ಎಂದು ನುಣುಚಿಕೊಂಡರು. ಹೋಗುವುದು ಕರ್ತವ್ಯವೋ, ನನಗೆ ಅಂಟಿದ ಚಟವೋ? ಉಳಿಯುವುದು ನಿನಗಾಗಿಯೋ, ಈ ನಿದ್ದೆಯ ಆಸೆಗೋ? ಇನ್ನೂ ಸರಿಯಾಗಿ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಅವರಿಗೆ ಫೋನ್ ಮಾಡಿ, "ಇಲ್ಲ ಸರ್, ಜನವರಿಗೇ ಬರ್ತೀನಿ" ಎಂದೆ. ಅವರು, "ಓ, ಹಾಗಾ, ನೋಡೋಣ" ಎಂದರು. ಅರ್ಧ ಗಂಟೆಯೊಳಗೆ ಹಾಸನದಿಂದ ಒಬ್ಬರನ್ನು ಗೊತ್ತು ಮಾಡಿದ್ದೇವೆ ಎಂದು ಮೆಸೇಜು ಬಂತು. ಇಷ್ಟು ಸುಲಭವಿತ್ತೇ ಎಂದು ಮನಸ್ಸಿಗೆ ಸ್ವಲ್ಪ ಚುಚ್ಚಿತು, ಸುಳ್ಳೇಕೆ ಹೇಳಲಿ. ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ದೊಡ್ಡಮ್ಮ ರಾಗಿ ರೊಟ್ಟಿಯ ತಟ್ಟೆ ತಂದು ಮುಂದಿಟ್ಟು, "ಒಲ್ಲೆ ಅಂದೋಳು ನೀನು, ಬ್ಯಾಡ ಅನ್ನಿಸ್ಕೊಂಡೋರ ಥರ ಕೂತಿದ್ದೀಯಲ್ಲ! ತಿನ್ನು, ಆರೋಯ್ತದೆ" ಎಂದರು. ಎರಡು ತಿಂದು ಮೂರನೆಯದನ್ನು ಕೇಳಿದೆ. ಎಷ್ಟು ಹಗುರವೆನಿಸಿತು ಗೊತ್ತೇ.

ಹಾಗಾಗಿ ಇರುತ್ತೇನೆ ಮಗಳೇ. ಇಪ್ಪತ್ತನೇ ತಾರೀಖು ತಿಪಟೂರು ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಬಟ್ಟೆ ಒಗೆಯದೆ ಹಾಗೇ ತುಂಬಿಕೊಂಡು ಬಾ. ಪುಸ್ತಕ ಕಡಿಮೆ ತಂದರೂ ನಾನು ಬೈಯುವುದಿಲ್ಲ.

ಚೆನ್ನಾಗಿ ಉಣ್ಣು, ಚೆನ್ನಾಗಿ ನಿದ್ದೆ ಮಾಡು. ದೇವರು ನಿನಗೆ ಗಟ್ಟಿ ಆಯಸ್ಸು ಕೊಡಲಿ, ನನಗಿಂತ ನಿಧಾನವಾಗಿ ಬದುಕುವ ಬುದ್ಧಿ ಕೊಡಲಿ. ದೊಡ್ಡಪ್ಪ, ದೊಡ್ಡಮ್ಮನ ಆಶೀರ್ವಾದಗಳೂ ಇದರೊಳಗಿವೆ.

ನಿನ್ನ
ಅಮ್ಮ

ಮತ್ತೊಂದು ಮಾತು: ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮೊನ್ನೆ ದೊಡ್ಡಮ್ಮ ರಾಗಿ ಕೇರುತ್ತಾ, ಆ ಕೊರೊನಾ ವರ್ಷ ನಿನಗಿಲ್ಲಿ ಐದು ದಿನ ಜ್ವರ ಬಂದಿದ್ದನ್ನು ನೆನೆದರು. "ಆ ಜ್ವರದಾಗೂ ನಿನ್ ಮಗಳು ನಿನ್ನ ಬುಟ್ಕೊಡ್ಲಿಲ್ಲ ಕಣವ್ವಾ. 'ನಿಮ್ಮವ್ವ ಯಾಕ್ ಬರ್ಲಿಲ್ಲ' ಅಂತ ಪುಟ್ಟಗಂಗಮ್ಮ ಕೇಳಿದ್ಕೆ, 'ನಮ್ಮಮ್ಮ ರಜಾ ಕೇಳಿದ್ಲು, ಆಸ್ಪತ್ರೆಯೋರೇ ಕೊಡ್ಲಿಲ್ಲ' ಅಂತ ಜಗಳಕ್ಕೇ ನಿಂತ್ಕೊಂತು ಮಗ."

ಇಂಪನಾ, ನಾನು ರಜೆ ಕೇಳಿರಲಿಲ್ಲ. ಕೇಳಿದ್ದರೆ ಎರಡು ದಿನವಾದರೂ ಕೊಡುತ್ತಿದ್ದರು. ಅದೇ ವಾರ ಬೇರೊಬ್ಬರಿಗೆ ಕೊಟ್ಟಿದ್ದರು. ಸೋಂಕು ತಂದೇನೆಂಬ ಭಯವಿತ್ತು, ಅದು ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ. ಆಸ್ಪತ್ರೆಯಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ನಿನ್ನ ಮಂಚದ ಪಕ್ಕ ಕೂತು ಏನು ಮಾಡಬೇಕೆಂದು ಗೊತ್ತಿರಲಿಲ್ಲ. 'ರಜೆ ಕೊಡಲಿಲ್ಲ ಪುಟ್ಟಾ' ಎಂದು ಫೋನಿನಲ್ಲಿ ನಿನಗೆ ಹೇಳಿದವಳು ನಾನೇ. ನೀನು ನಂಬಿದೆ.

ಬಂದ ಮೇಲೆ ಎದುರಿಗೆ ಹೇಳೋಣ ಎಂದುಕೊಂಡಿದ್ದೆ. ಬೇಡ, ಬಸ್ಸು ಹತ್ತುವ ಮೊದಲೇ ನಿನಗೆ ತಿಳಿದಿರಲಿ. ಸಿಟ್ಟು ಬಂದರೆ ಸಿಟ್ಟಿನಲ್ಲೇ ಬಾ. ಬೈಯುವುದನ್ನೆಲ್ಲ ಬೈದುಬಿಡು. ಎದ್ದು ಹೋಗುವುದಿಲ್ಲ.