ಏಳನೇ ಕಲಮಿನಲ್ಲಿ ಸಿಕ್ಕಿಬಿದ್ದ ಗಂಡ ಹೆಂಡತಿ

ಶನಿವಾರದ ಉಚಿತ ಕಂಪ್ಯೂಟರ್ ತರಗತಿಗಳ ಪ್ರವೇಶಾಧಿಕಾರಿಗಳೇ,

ನನಗೆ ಮದುವೆಯಾಗಿ ನಲವತ್ತಮೂರು ದಿನಗಳಾದವು. ಅದರಲ್ಲಿ ಹನ್ನೊಂದು ದಿನಗಳಿಂದ ನನ್ನ ಗಂಡ ನಿಮ್ಮ ಕಚೇರಿಯ ಎಡಗಡೆಯ ಬೀರುವಿನಲ್ಲಿದ್ದಾರೆ, ನಾನು ಬಲಗಡೆಯ ಬೀರುವಿನಲ್ಲಿದ್ದೇನೆ. ಗಾಬರಿಯಾಗಬೇಡಿ, ನಮ್ಮ ಅರ್ಜಿಗಳ ವಿಷಯ ಹೇಳುತ್ತಿದ್ದೇನೆ. ಬರುವ ಶನಿವಾರ ತರಗತಿ ಶುರು. ಅಷ್ಟರೊಳಗೆ ನಮ್ಮಿಬ್ಬರನ್ನೂ ಒಂದೇ ಕೋಣೆಗೆ ಹಾಕಬೇಕು. ಈ ಪತ್ರದ ತಾತ್ಪರ್ಯ ಅಷ್ಟೇ, ಉಳಿದದ್ದೆಲ್ಲ ಹೊಟ್ಟೆಯುರಿ.

ನಮ್ಮವರು ಬೇಕರಿಯಲ್ಲಿ ಬೆಳಗಿನ ಪಾಳಿ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು, ಮಧ್ಯಾಹ್ನದ ಪಾಳಿ. ಇಬ್ಬರಿಗೂ ಒಟ್ಟಿಗೆ ಬಿಡುವಿರುವುದು ಶನಿವಾರ ಮೂರರಿಂದ ಆರು ಮಾತ್ರ, ಅಂದು ನನಗೆ ಅರ್ಧ ದಿನ. ಆ ಹೊತ್ತಿಗೆ ನಮ್ಮ ಎರಡು ಕೋಣೆಯ ಮನೆಯಲ್ಲಿ ಏಳು ಜನ. ನಾವು ಸೋಫಾದಲ್ಲಿ ಅಕ್ಕಪಕ್ಕ ಕೂತರೆ ಸಾಕು, ನಾದಿನಿ ಕೆಮ್ಮುತ್ತಾಳೆ. ಮಾವನವರು ಪೇಪರ್ ಎತ್ತಿ ಮುಖ ಮರೆಸಿಕೊಳ್ಳುತ್ತಾರೆ, ಅದೂ ತಲೆಕೆಳಗಾಗಿ. ಹೀಗಿರುವಾಗ, ಮೂರು ಗಂಟೆ ಯಾರೂ ಕೆಮ್ಮದ ಕಡೆ ಒಂದೇ ಬೆಂಚಿನಲ್ಲಿ ಕೂರಿ ಎಂದು ನೀವೇ ಜಾಹೀರಾತು ಕೊಟ್ಟರೆ ಯಾವ ಹೊಸ ದಂಪತಿ ಸುಮ್ಮನಿದ್ದಾರು? ಕಲಿಯುವ ಆಸೆಯೂ ಇದೆ, ಸುಳ್ಳಲ್ಲ. ಎಡಗಣ್ಣಿನ ಗಾಜು ಬಲಗಣ್ಣಿಗೆ ಹೋಗದಂತೆ ಎಚ್ಚರಿಸುವ ಒಂದು ಪ್ರೋಗ್ರಾಂ ಬರೆಯುವುದು ನನ್ನ ಕನಸು.

ಆದರೆ ನಿಮ್ಮಲ್ಲಿ ಕಂಪ್ಯೂಟರ್ ಭಾಷೆಗೊಂದು ಮಹಡಿ: ಸಿ ನೆಲಮಹಡಿಯಲ್ಲಿ, ಜಾವಾ ಮೊದಲನೆಯದರಲ್ಲಿ, ಪೈಥಾನ್ ಎರಡನೆಯದರಲ್ಲಿ. ಭಾಷೆ ಬೇರೆಯಾದರೆ ಗಂಡ ಹೆಂಡತಿ ಬೇರೆ! ಏಳನೇ ಕಲಂ ಕೇಳುತ್ತದೆ: 'ಮೊದಲು ಕಲಿಯಲಿಚ್ಛಿಸುವ ಭಾಷೆ ಯಾವುದು?' ಅದರ ಕೆಳಗೆ ನಿಮ್ಮ ಟಿಪ್ಪಣಿ: 'ಮೊದಲ ಭಾಷೆ ಜೀವನವಿಡೀ ಜೊತೆಗಿರುತ್ತದೆ. ಯೋಚಿಸಿ ಆರಿಸಿ. ಕಚೇರಿ ಸಲಹೆ ನೀಡುವುದಿಲ್ಲ.' ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಿಮ್ಮಿಂದ ಕಲಿಯಬೇಕು. ಸ್ವಾಮಿ, ಜೀವನವಿಡೀ ಜೊತೆಗಿರುವ ಗಂಡನನ್ನೇ ನಾನು, ಅವರು ಹೆಣ್ಣು ನೋಡಲು ಬಂದ ದಿನ, ಒಂದು ತಟ್ಟೆ ಬಿಸ್ಕತ್ತು ಖಾಲಿಯಾಗುವುದರೊಳಗೆ ಆರಿಸಿದೆ.

ಆದರೂ ಯೋಚಿಸಿದೆವು. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಯಂತ್ರವಿಟ್ಟುಕೊಂಡೇ, "ಸಿ ಕಲೀರಿ, ಬೇರು ಗಟ್ಟಿ ಇರಬೇಕು" ಎಂದರು. ಎದುರಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಂಗಡಿಯ ಮಾಲೀಕರು, "ಜಾವಾ ಕಲಿ ಮಗೂ, ಬೇಗ ಬೇರೆ ಕೆಲಸ ಸಿಗುತ್ತೆ" ಎಂದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಒಪ್ಪುವಂಥ ಕಾರಣ ಸಮೇತ ಸಲಹೆ ಕೊಟ್ಟವರು ನಮ್ಮ ಅತ್ತೆಯೊಬ್ಬರೇ: "ಪೈಥಾನೇ ತಗೊಳ್ಳಿ. ಎರಡನೇ ಮಹಡೀಲಿ ಗಾಳಿ ಚೆನ್ನಾಗಿರುತ್ತೆ."

ತಪ್ಪು ನಡೆದದ್ದು ಆಮೇಲೆ. ಅಚ್ಚರಿ ಕೊಡೋಣವೆಂದು ನಾನು ಅಂಗಡಿಯಲ್ಲಿ ಕೂತು ಗುಟ್ಟಾಗಿ ಏಳನೇ ಕಲಮಿನಲ್ಲಿ 'ನನ್ನ ಗಂಡ ಆರಿಸಿದ್ದೇ ನನಗೂ' ಎಂದು ಬರೆದೆ. ಅದೇ ದಿನ ಅವರು ಬೇಕರಿಯಲ್ಲಿ ಕೂತು, ಹಿಟ್ಟಿನ ಕೈಯಲ್ಲಿ, 'ನನ್ನ ಹೆಂಡತಿ ಆರಿಸಿದ್ದೇ ನನಗೂ' ಎಂದು ಬರೆದರು. ನಿಮ್ಮ ಗುಮಾಸ್ತರು ಅದನ್ನು ತೋರಿಸಿದಾಗ ನನಗೆ ಸಂತೋಷದಿಂದ ಕಣ್ಣೀರು ಬಂತು. ಗುಮಾಸ್ತರ ಕಣ್ಣಲ್ಲೂ ನೀರಿತ್ತು, ಕಾರಣ ಬೇರೆ.

"ಅಮ್ಮಾ, ನಿಮ್ಮದು ತೆಗೆದ್ರೆ ಯಜಮಾನರದ್ದು ನೋಡಿ ಅನ್ನುತ್ತೆ, ಅವರದ್ದು ತೆಗೆದ್ರೆ ನಿಮ್ಮದು ನೋಡಿ ಅನ್ನುತ್ತೆ. ಎರಡು ಬೀರು ಮಧ್ಯೆ ಗಾಣದೆತ್ತು ಆಗಿದ್ದೀನಿ ನಾನು!"

"ಕೊಡಿ ಸರ್, ಈಗಲೇ ತಿದ್ದಿಬಿಡ್ತೀವಿ."

"ಅರ್ಜಿ ಇತ್ಯರ್ಥ ಆದ ಮೇಲೇ ತಿದ್ದೋಕೆ ಅವಕಾಶ. ಇಲ್ಲಾಂದ್ರೆ ಸಾಹೇಬರೇ ಬರೆದು ಸಹಿ ಹಾಕಬೇಕು."

ಹಾಗಾಗಿ ಸೋಮವಾರ ನಿಮ್ಮ ಕೋಣೆಗೆ ಬಂದೆವು. ಯಾವ ಭಾಷೆಯೆಂದು ನೀವು ಕೇಳಿದಿರಿ. "ನೀವು ಹೇಳ್ರೀ" ಎಂದೆ ನಾನು ನಮ್ಮವರಿಗೆ. "ಇಲ್ಲ, ನೀನೇ ಹೇಳು" ಎಂದರು ಅವರು. ಅರ್ಧ ಗಂಟೆ ಹೀಗೇ ಹೋಯಿತು. ಅಷ್ಟು ಸವಿಯಾದ ಅರ್ಧ ಗಂಟೆ ನಮಗೆ ಮನೆಯಲ್ಲಿ ಸಿಕ್ಕಿಲ್ಲ. ನೀವು ಫ್ಯಾನ್ ಜೋರು ಮಾಡಿದಿರಿ.

"ಹೋಗಲಿ ಸರ್, ನೀವು ಮೊದಲು ಕಲಿತದ್ದು ಯಾವುದು? ಅದನ್ನೇ ಬರೆದುಬಿಡಿ," ಎಂದೆ.

"ನಾನಾ?" ಎಂದು ನೀವು ಬಾಗಿಲ ಕಡೆ ನೋಡಿದಿರಿ. "ನಾನಿನ್ನೂ ಯೋಚನೆ ಮಾಡ್ತಾ ಇದ್ದೀನಮ್ಮ. ಒಂಬತ್ತು ವರ್ಷ ಆಯ್ತು."

ನಂತರ ಮೇಜಿನ ಡ್ರಾಯರಿನಿಂದ ನಿಮ್ಮದೇ ಅರ್ಜಿ ತೆಗೆದು ತೋರಿಸಿದಿರಿ. ಬರೆದು ಅಳಿಸಿ, ಬರೆದು ಅಳಿಸಿ, ಏಳನೇ ಕಲಂ ಇದ್ದ ಜಾಗದಲ್ಲಿ ತೂತು ಬಿದ್ದಿತ್ತು. ಅದರೊಳಗಿಂದ ನನಗೆ ನಿಮ್ಮ ಅಂಗಿಯ ಗುಂಡಿ ಕಾಣಿಸಿತು.

ಅಲ್ಲಿಯವರೆಗೆ ನನಗೆ ನಿಮ್ಮ ಮೇಲೆ ಸಿಟ್ಟಿತ್ತು, ನಿಜ. ಆದರೆ ಮಾನ್ಯರೇ, ಒಂಬತ್ತು ವರ್ಷದಲ್ಲಿ ಮೂರನ್ನೂ ಕಲಿತು, ಮರೆತು, ಮತ್ತೆ ಕಲಿಯಬಹುದಿತ್ತಲ್ಲ! ಅಂದು ಬಿಸ್ಕತ್ತು ತಿನ್ನುವಾಗ, ನಮ್ಮವರು ಹಿಟ್ಟು ನಾದುತ್ತಾ ಅದರೊಂದಿಗೆ ಮಾತಾಡುತ್ತಾರೆಂದು ನನಗೇನು ಗೊತ್ತಿತ್ತು? ಗೊತ್ತಾದ ಮೇಲೆ ಇನ್ನೂ ಇಷ್ಟವಾದರು. ಎಲ್ಲ ತಿಳಿದೇ ಆರಿಸುವುದಾದರೆ ಕಲಿಯಲು ಉಳಿಯುವುದೇನು?

ಆದ್ದರಿಂದ ನನ್ನ ಬೇಡಿಕೆ: ಶುಕ್ರವಾರದೊಳಗೆ ಎಡ ಬೀರು, ಬಲ ಬೀರು, ನಿಮ್ಮ ಡ್ರಾಯರು, ಮೂರೂ ಕಡೆಯ ಅರ್ಜಿಗಳಲ್ಲಿ 'ಪೈಥಾನ್' ಎಂದು ಬರೆದು ಸಹಿ ಹಾಕಿ. ಕಾರಣ ಕೇಳಿದರೆ ಗಾಳಿ ಎನ್ನಿ. ತೂತಿನಲ್ಲಿ ಬರೆಯಲಾಗದಿದ್ದರೆ ಹಿಂದೆ ಒಂದು ಚೀಟಿ ಅಂಟಿಸಿ. ಎರಡನೇ ಮಹಡಿಯ ಬೆಂಚನ್ನು ನಾನು ಅಳತೆ ಮಾಡಿ ಬಂದಿದ್ದೇನೆ, ಮೂವರಿಗೆ ಧಾರಾಳವಾಗಿ ಸಾಕು. ಶನಿವಾರ ಮೂರಕ್ಕೆ ನೀವೂ ಬನ್ನಿ.

ಆದರೆ ದಯವಿಟ್ಟು ನಡುವೆ ಕೂರಬೇಡಿ.

ಇಂತಿ,
ಎಡಗಡೆಯ ಬೀರುವಿನವರ ಹೆಂಡತಿ,
ಸದ್ಯದ ವಿಳಾಸ: ಬಲಗಡೆಯ ಬೀರು